ಅತ್ತೆಯ ಆರ್ಗನ್, ಸೊಸೆಯ ರೆಕಾರ್ಡರ್

ಟೈಲರಮ್ಮನ ಬಾಯಿ ಮುಚ್ಚಿಸಲು ಇರುವುದು ಎರಡೇ ದಾರಿ. ತುಟಿ ನಡುವೆ ಗುಂಡುಪಿನ್ನು ಇರಬೇಕು, ಇಲ್ಲವೇ ರೆಕಾರ್ಡರ್ ಇರಬೇಕು. ರೆಕಾರ್ಡರ್ ಅಂದರೆ ದನಿ ಹಿಡಿದಿಡುವ ಯಂತ್ರ ಅಲ್ಲ ಮಾರಾಯರೇ, ನೆಟ್ಟಗೆ ಹಿಡಿದು ಊದುವ ಮರದ ಕೊಳಲು. ಮಗಳು ಶಾಲೆಯಲ್ಲಿ ಅರ್ಧಕ್ಕೆ ಬಿಟ್ಟ ಪಾಠವನ್ನು ಅಮ್ಮ ಎತ್ತಿಕೊಂಡಳು. ಗಿರಾಕಿ ಇಲ್ಲದ ಹೊತ್ತಲ್ಲಿ ಹೊಲಿಗೆ ಮಷೀನಿನ ಹಿಂದೆ ಕೂತು ಊದಿದ್ದೇ ಊದಿದ್ದು. ಮೊದಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದ ಪಕ್ಕದ ಚಪ್ಪಲಿ ಅಂಗಡಿಯವನೇ ಆಮೇಲೆ, "ಏನಕ್ಕಾ, ಇವತ್ತು ಊದಲೇ ಇಲ್ಲ?" ಎಂದು ವಿಚಾರಿಸಿಕೊಳ್ಳಲು ಬರತೊಡಗಿದ.

ಜಗ್ಗದವರು ಅತ್ತೆ ಒಬ್ಬರೇ. ಅವರು ಪುರಭವನದಲ್ಲಿ ಆರ್ಗನ್ ನುಡಿಸುವವರು. ಗೋಡೆ ತುಂಬ ಕೊಳವೆಗಳು, ಕೈಗೆ ಮೂರು ಸಾಲು ಸ್ವರದ ಮಣೆ, ಕಾಲಿಗೆ ಇನ್ನೊಂದು ಸಾಲು. ಅಂಥದ್ದನ್ನು ಆಳುವವರಿಗೆ ಸೊಸೆಯದು "ಮಕ್ಕಳ ಪೀಪಿ". ಮಗ ದುಂಬಾಲು ಬಿದ್ದ ಮೇಲೆ ಒಂದೇ ಒಂದು ಜೋಡಿ ಕಛೇರಿಗೆ ಒಪ್ಪಿದರು. "ಇದೊಂದು ಸಲ ನೋಡೋಣ. ಸರಿಹೋಗಲಿಲ್ಲ ಅಂದ್ರೆ ನನ್ನನ್ನ ನನ್ನ ಪಾಡಿಗೆ ಬಿಟ್ಟುಬಿಡಿ."

ಟೈಲರಮ್ಮನಿಗೆ ಚಪ್ಪಾಳೆ ಬೇಕಿರಲಿಲ್ಲ. ಅತ್ತೆ ತನ್ನನ್ನು ಜೊತೆಗಾರ್ತಿ ಅಂತ ಒಪ್ಪಬೇಕು, ಅಷ್ಟೇ. ಆ ಆಸೆಗೆ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಕಛೇರಿಗೆ ಆರಿಸಿದ್ದು ಮೂರು: ಮೊದಲು ಐನೂರು ವರ್ಷ ಹಳೆಯ ಕುಣಿತದ ಮಟ್ಟು, ಆಮೇಲೆ ಅರಮನೆಗಳ ಕಾಲದ್ದು, ಕೊನೆಗೆ ಹೋದ ವರ್ಷವಷ್ಟೇ ಬರೆದದ್ದು. "ಐನೂರು ವರ್ಷ ದಾಟಿಬಿಡಬಹುದು. ಅತ್ತೆ ಸೊಸೆ ಒಂದೇ ಶ್ರುತಿಗೆ ಬರೋದು ನೋಡಬೇಕಲ್ಲ!" ಎಂದು ನಕ್ಕ ಗಂಡ. ಅಮ್ಮನ ಪಕ್ಕ ನಿಂತು ಹಾಳೆ ತಿರುವುವುದು ಅವನ ಕೆಲಸ.

ಶ್ರುತಿಯದೇ ಪೇಚು. ಚಳಿಯಲ್ಲಿ ಆರ್ಗನ್ನಿನ ಶ್ರುತಿ ಇಳಿಯುತ್ತದೆ, ಬೆಚ್ಚಗಾದರೆ ಏರುತ್ತದೆ. ಪುರಭವನವೋ, ಮೂಳೆ ಕೊರೆಯುವ ಚಳಿ. ಅಭ್ಯಾಸದ ದಿನಗಳಲ್ಲಿ ಟೈಲರಮ್ಮ ರೆಕಾರ್ಡರಿನ ತಲೆಭಾಗವನ್ನು ಕೊಂಚ ಹೊರಗೆಳೆದು ಶ್ರುತಿ ತಗ್ಗಿಸಿಕೊಳ್ಳುತ್ತಿದ್ದಳು. ಅದು ಜಾರಿ ಜಾರಿ ಒಳಗೆ ಹೋಗುತ್ತಿತ್ತು. ಹಾಗಾಗಿ ಕಛೇರಿಯ ಹಿಂದಿನ ದಿನ ಆ ಸಂದಿಗೆ ಮೇಣದ ದಾರ ಸುತ್ತಿ, ಕೋಟಿನ ಗುಂಡಿಗೆ ಹಾಕುವಂಥ ಗಂಟು ಬಿಗಿದಳು. ಅವಳ ಗಂಟು ಅಂದರೆ ಗಂಟು.

ಮರುದಿನ ವೇದಿಕೆ ಹತ್ತುವಾಗ ಸಭಾಂಗಣ ಹಿತವಾಗಿ ಬೆಚ್ಚಗಿತ್ತು. ಜನ ತುಂಬಿದ್ದಾರೆ, ಅದಕ್ಕೇ ಇರಬೇಕು ಅಂದುಕೊಂಡಳು. ಅತ್ತೆ ತಲೆಯಾಡಿಸಿದರು, ಇಬ್ಬರೂ ಶುರುಮಾಡಿದರು. ಅಯ್ಯಯ್ಯೋ! ಆರ್ಗನ್ನಿನ ಶ್ರುತಿ ಮೇಲೆ, ರೆಕಾರ್ಡರಿನದು ಕೆಳಗೆ. ಮುಂದಿನ ಸಾಲಿನ ಅಜ್ಜ ಮುಖ ಕಿವುಚಿದರು. ಟೈಲರಮ್ಮ ತಲೆಭಾಗ ಒತ್ತಿದಳು, ತಿರುವಿದಳು. ದಾರ ಜಪ್ಪಯ್ಯ ಅನ್ನಲಿಲ್ಲ. ಮುಗೀತು, ಮಾನ ಹೋಯ್ತು ಅಂದುಕೊಂಡಳು.

ಅತ್ತೆ ಕೈ ಎತ್ತಿದರು. ಆರ್ಗನ್ ನಿಂತಿತು. "ಏನಾಯ್ತೇ?"

"ಚಳಿ ಇರುತ್ತೆ ಅಂತ ತಗ್ಗಿಸಿ ಕಟ್ಟಿಬಿಟ್ಟೆ ಅತ್ತೆ, ನಿಮ್ಮ ಶ್ರುತಿಗೇ ಹೊಂದಲಿ ಅಂತ," ಅಂದಳು.

ಅತ್ತೆ ಒಂದು ಗಳಿಗೆ ಸೊಸೆಯನ್ನೇ ನೋಡಿದರು. ಆಮೇಲೆ ಜನರ ಕಡೆ ತಿರುಗಿದರು. "ತಪ್ಪು ನಂದು. ಚಳಿಗೆ ಇವಳ ಬೆರಳು ಸೆಟೆದುಕೊಳ್ಳುತ್ತೆ ಅಂತ ಬೆಳಿಗ್ಗೆಯಿಂದ ಹೀಟರ್ ಹಾಕಿಸಿದ್ದೆ. ಹೇಳೋಕೆ ಬಿಗುಮಾನ. ಸ್ವಲ್ಪ ತಡೀರಿ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಗಂಡ ಹಾಳೆಗಳ ಹಿಂದೆ ಮುಖ ಮುಚ್ಚಿಕೊಂಡು ಕುಲುಕುಲು ನಕ್ಕ. ಕತ್ತರಿ ಅಂಗಡಿಯಲ್ಲಿ! ಟೈಲರಮ್ಮ ಅಷ್ಟು ಜನರ ಮುಂದೆ ಗಂಟನ್ನು ಹಲ್ಲಿನಿಂದಲೇ ಕಡಿದಳು. ಅವಳು ದಾರ ಬಿಚ್ಚುವಷ್ಟು ಹೊತ್ತೂ ಅತ್ತೆ ಏನೋ ತುಂಟ ಮಟ್ಟೊಂದನ್ನು ತೋಚಿದ ಹಾಗೆ ನುಡಿಸುತ್ತ ಜನರನ್ನು ಹಿಡಿದಿಟ್ಟರು.

ಆಮೇಲೆ ನೋಡಬೇಕಿತ್ತು! ಕುಣಿತದ ಮಟ್ಟಿಗೆ ಮುಂದಿನ ಸಾಲಿನ ಅಜ್ಜನ ಕಾಲು ತಾಳ ಹಾಕಿತು. ಅರಮನೆ ಕಾಲದ್ದರಲ್ಲಿ ರೆಕಾರ್ಡರ್ ಕೇಳಿದ್ದಕ್ಕೆಲ್ಲ ಆರ್ಗನ್ ಉತ್ತರ ಕೊಟ್ಟಿತು. ಎರಡರ ದನಿಯ ನಡುವೆ ಕೂದಲೆಳೆಯಷ್ಟೂ ಅಂತರವಿರಲಿಲ್ಲ.

ಉಳಿದದ್ದು ಹೊಸ ಕೃತಿ. ಅಭ್ಯಾಸದಲ್ಲೆಲ್ಲ ಅತ್ತೆ ತಲೆಯಾಡಿಸಿದ ಮೇಲೆಯೇ ಸೊಸೆ ಶುರುಮಾಡುತ್ತಿದ್ದುದು. ಈಗಲೂ ಅವಳು ಉಸಿರು ಹಿಡಿದು ಕಾದಳು. ಅತ್ತೆಯ ತಲೆ ಅಲುಗಲಿಲ್ಲ. ಬೆಂಚಿನ ಮೇಲೆ ಅರ್ಧ ತಿರುಗಿ ಕೂತು ಅವರೇ ಅವಳ ಮುಖ ನೋಡುತ್ತಿದ್ದರು.

"ನನ್ನನ್ನೇನು ನೋಡ್ತೀಯಾ? ನೀನು ಹೊರಡು," ಅಂದರು ಅತ್ತೆ. "ನಾನು ಹಿಂದೆ ಬರ್ತೀನಿ."