ಹುಳದ ಹೊಟ್ಟೆ, ಕೂಸಿನ ಹೊಟ್ಟೆ

ನನ್ನ ಮಗಳಿಗೆ ಯಾರ ದೃಷ್ಟಿಯೂ ತಾಗಿರಲಿಲ್ಲ. ನನ್ನ ಎದೆಹಾಲೂ ಕೆಟ್ಟಿರಲಿಲ್ಲ. ಬೇಯಿಸದ ಕಡಲೆಯನ್ನು ಅರೆದು ನನ್ನ ಅತ್ತೆ ಕೂಸಿನ ಬಾಯಿಗೆ ತುರುಕಿದಳು, ಅದಕ್ಕೇ ಕೂಸು ಒಣಗಿತು. ಅತ್ತೆ ಸತ್ತು ಬಹಳ ವರ್ಷವಾಯಿತು. ಇದನ್ನೆಲ್ಲ ಅವಳು ಬದುಕಿದ್ದಾಗ ಎದುರಿಗೇ ಆಡಿದ್ದೇನೆ. ಈಗ ಬರೆದರೆ ಹೊಸದೇನೂ ಇಲ್ಲ.

ದಂಡೋತಿಯಲ್ಲಿ ಕಾಗಿಣಾ ಹೊಳೆಯ ದಂಡೆಗೆ ನಮ್ಮ ಹೊಲ. ಗಂಡನಿಗೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ವಾರಕ್ಕೊಮ್ಮೆ ಬಂದು, ಉಂಡು ಮಲಗಿ, ಎದ್ದು ಹೋಗುತ್ತಿದ್ದ. ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆ ಮಾವನ ಮಾತು. ಮಾವ ಹರೆಯದಲ್ಲಿ ಪೈಲ್ವಾನ. ರಾತ್ರಿ ನೀರಿಗೆ ಹಾಕಿದ ಕಡಲೆಯನ್ನು ಬೆಳಗ್ಗೆ ಹಾಗೆಯೇ ಹಸಿಯಾಗಿ ಅಗಿಯುವುದು ಕುಸ್ತಿ ತಾಲೀಮಿನವರ ರೂಢಿ. ಮುದುಕನಾದರೂ ಅವನು ಅದನ್ನು ಬಿಟ್ಟಿರಲಿಲ್ಲ.

ನನ್ನ ಮಗಳಿಗೆ ಮೇಲಿನ ಆಹಾರ ಕೊಡುವ ಕಾಲ ಬಂದಾಗ, ಪೈಲ್ವಾನನ ಮೊಮ್ಮಗಳು ಗಂಜಿ ಕುಡಿದು ಬೆಳೆಯಬಾರದು ಎಂದು ಅತ್ತೆ ತೀರ್ಮಾನಿಸಿದಳು. ಮಾವನ ಬಟ್ಟಲಿನಿಂದಲೇ ಒಂದು ಹಿಡಿ ಕಡಲೆ ತೆಗೆದು, ಒರಳಿನಲ್ಲಿ ನುಣ್ಣಗೆ ಅರೆದು, ಬೆಲ್ಲ ಕಲಸಿ ಬೆರಳಿನಿಂದ ನೆಕ್ಕಿಸತೊಡಗಿದಳು. ಬೇಯಿಸಿ ಕೊಡೋಣ ಎಂದೆ. ಕುದಿಸಿದರೆ ಶಕ್ತಿಯೆಲ್ಲ ನೀರಿಗೆ ಹೋಗುತ್ತದಂತೆ. ತವರಿನಲ್ಲಿ ಬರೀ ಸಾರಿನ ನೀರು ಕುಡಿದು ಬೆಳೆದವಳಿಗೆ ಇದು ಹೇಗೆ ತಿಳಿದೀತು ಎಂದೂ ಸೇರಿಸಿದಳು.

ಅದು ತೊಗರಿ ಕಾಯಿ ಕಟ್ಟುವ ಕಾಲ. ಕಾಯಿಗೆ ಹುಳ ಬಿದ್ದಿತ್ತು. ಆಗ ನಮ್ಮ ಕಡೆ ಔಷಧಿ ಹೊಡೆಯುವವರು ಕಡಿಮೆ. ಗಿಡದ ಬುಡಕ್ಕೆ ಹಳೆಯ ಸೀರೆ ಹಾಸಿ ಗಿಡ ಅಲುಗಾಡಿಸಿದರೆ ಹಸಿರು ಹುಳಗಳು ಪಟಪಟ ಉದುರುತ್ತವೆ. ಗಂಟು ಕಟ್ಟಿ ಒಯ್ದು ಕೋಳಿಗಳ ಮುಂದೆ ಸುರಿಯುತ್ತಿದ್ದೆವು. ಒಂದು ದಿನ ನಾನು ಸೀರೆ ಹಿಡಿದಿದ್ದೆ, ಅತ್ತೆ ಗಿಡ ಅಲುಗಾಡಿಸುತ್ತಿದ್ದಳು. ಬಿದ್ದ ಹುಳವೊಂದನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು.

“ನೋಡು ಇದನ್ನ. ತೊಗರೀನೂ ಹಸೀನೇ ತಿಂತದ, ಕಡ್ಲೀನೂ ಹಸೀನೇ ತಿಂತದ. ಹೆಂಗ ಉಬ್ಯಾದ ನೋಡು. ಇದಕ್ಕ ಯಾರು ಕುದಿಸಿ ಕೊಟ್ಟಾರ?”

ನಾನು ಸೀರೆಯ ಗಂಟು ಕಟ್ಟಿ ಮನೆಯ ಕಡೆ ನಡೆದೆ.

ಕೂಸು ಹುಳದ ಹಾಗೆ ಉಬ್ಬಲಿಲ್ಲ. ಹೊಟ್ಟೆಯೊಂದು ಉಬ್ಬಿತು, ಕೈಕಾಲು ಬತ್ತಿದವು. ಒಂದೇ ಸಮನೆ ಭೇದಿ, ಅದರಲ್ಲಿ ಅರೆದ ಕಡಲೆ ಅರೆದ ಹಾಗೆಯೇ ಕಾಣುತ್ತಿತ್ತು. ಎತ್ತಿಕೊಂಡರೆ ಕಂಕುಳಲ್ಲಿ ಭಾರವೇ ಇಲ್ಲ. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದರಿಂದಲೂ ಗುಣ ಕಾಣದಾಗ ತಪ್ಪು ನನ್ನ ಹಾಲಿನದಾಯಿತು. ಇನ್ನು ಎದೆಗೆ ಹಾಕಿಕೊಳ್ಳಬೇಡ ಎಂದು ಕೂಸನ್ನು ತನ್ನ ಹಾಸಿಗೆಗೆ ಒಯ್ದಳು. ಕಡಲೆಯನ್ನು ಇನ್ನಷ್ಟು ಹೆಚ್ಚಿಸಿದಳು. ಇವಳ ಹಾಲನ್ನು ನಾಯಿಯೂ ಮೂಸದು ಎಂದು ಓಣಿಯ ಹೆಂಗಸರ ಮುಂದೆ ಹೇಳಿದಳು. ಅವರು ನಕ್ಕರು. ಅವರ ಹೆಸರುಗಳು ನನಗೆ ಇನ್ನೂ ನೆನಪಿವೆ. ಒಳಗಿನ ಕೋಣೆಯಲ್ಲಿ ಕೂಸು ಅತ್ತರೆ ಹೊರಗೆ ನನ್ನ ಕುಪ್ಪಸ ಹಾಲಿಗೆ ನೆನೆಯುತ್ತಿತ್ತು.

ಒಂದು ಬೆಳಗ್ಗೆ ಕೂಸು ಅಳುವುದನ್ನೂ ಬಿಟ್ಟಿತು. ಯಾರನ್ನೂ ಕೇಳದೆ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಚಿತ್ತಾಪುರದ ಬಸ್ಸಿಗೆ ಹೋಗಿ ನಿಂತೆ. ಅತ್ತೆಯೂ ಹಿಂದೆಯೇ ಬಂದು ಹತ್ತಿದಳು, ನನ್ನ ಹಾಲಿನ ಮೇಲೆ ದೂರು ಹೇಳಲು.

ದವಾಖಾನೆಯ ಡಾಕ್ಟರಮ್ಮ ಏನು ತಿನ್ನಿಸುತ್ತೀರಿ ಎಂದು ಕೇಳಿದಳು. ಅತ್ತೆ ಹೆಮ್ಮೆಯಿಂದ ಎಲ್ಲ ಹೇಳಿದಳು. ಡಾಕ್ಟರಮ್ಮನ ಮುಖ ಗಂಟಿಕ್ಕಿತು. ಹಸಿ ಕಾಳಿನೊಳಗೆ ಒಂದು ತಡೆ ಇರುತ್ತದೆ, ತಿಂದವರಿಗೆ ತಿಂದದ್ದು ಅರಗದಂತೆ ಮಾಡುತ್ತದೆ, ತನ್ನನ್ನು ತಿನ್ನಲು ಬರುವ ಹುಳಹುಪ್ಪಟೆಗಾಗಿ ಗಿಡ ಅದನ್ನು ಇಟ್ಟುಕೊಂಡಿರುತ್ತದೆ, ಚೆನ್ನಾಗಿ ಕುದಿಸಿದರೆ ಅದರ ಜೋರು ಇಳಿಯುತ್ತದೆ ಎಂದು ಬಿಡಿಸಿ ಹೇಳಿದಳು. ಹೊಟ್ಟೆಯಲ್ಲಿ ಅರಗಿಸುವ ರಸವೊಂದಕ್ಕೆ ಟ್ರಿಪ್ಸಿನ್ ಎನ್ನುತ್ತಾರೆ, ಕಾಳು ಅದರ ಕೈ ಕಟ್ಟಿಹಾಕುತ್ತದೆ ಎಂದು ಇದೇ ಮಗಳು ಮುಂದೆ ಕಾಲೇಜಿಗೆ ಹೋದಾಗ ನನಗೆ ಓದಿ ತಿಳಿಸಿದಳು. ಆ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಒಗ್ಗಿಲ್ಲ.

ಅತ್ತೆ ಅಷ್ಟಕ್ಕೆ ಸುಮ್ಮನಾಗುವವಳಲ್ಲ.

“ಮತ್ತ ಹುಳಾ ಹಸೀದು ತಿಂದು ಹೆಂಗ ಬದಕ್ತದ್ರಿ ಡಾಕ್ಟರಮ್ಮಾ?”

“ಹುಳಾ ಹಿಂದಿನಿಂದ ಅದನ್ನೇ ತಿಂದು ತಿಂದು ತನ್ನ ಹೊಟ್ಟೀನೇ ಬದಲ ಮಾಡ್ಕೊಂಡದ, ಯವ್ವಾ. ಈ ಕೂಸಿನ ಹೊಟ್ಟಿ ಹುಳದ ಹೊಟ್ಟಿ ಅಲ್ಲ. ಹಿಂಗೇ ನಡಸಿದ್ರ ಇದು ಉಳಿಯಂಗಿಲ್ಲ.”

ಆಮೇಲೆ ನನ್ನ ಕಡೆ ತಿರುಗಿ, ಹಾಲು ಬಿಡಿಸಬೇಡ, ಮೆತ್ತಗೆ ಬೆಂದ ಬೇಳೆಯ ಕಟ್ಟು ಕುಡಿಸು ಎಂದು ಔಷಧಿ ಕೊಟ್ಟು ಕಳಿಸಿದಳು. ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂಡಲಿಲ್ಲ.

ಮನೆಯಲ್ಲಿ ಮಾವ, ಆ ಡಾಕ್ಟರಮ್ಮ ಎಷ್ಟು ಕುಸ್ತಿ ಗೆದ್ದಿದ್ದಾಳೆ ಎಂದು ಕೇಳಿದ. ತಾನು ಹಸಿ ಕಡಲೆ ತಿಂದೇ ಮಳಖೇಡದ ಪೈಲ್ವಾನನನ್ನು ಕೆಡವಿದ್ದನಂತೆ. ಅಲ್ಲಿಯವರೆಗೆ ಮಾವನ ಎದುರು ನಾನು ಬಾಯಿ ತೆರೆದವಳಲ್ಲ. ಅಂದು ತೆರೆದೆ.

“ನೀವು ಕಡ್ಲಿ ಸಂಗಾಟ ಹಾಲು, ತುಪ್ಪ, ಖಂಡಾ ಎಲ್ಲಾ ತಿಂದೀರಿ, ಮಾವಾ. ಇದಕ್ಕ ಬರೀ ಅದೊಂದೇ ತುರಕೀರಿ. ಅಗಿಲಿಕ್ಕೆ ಹಲ್ಲೂ ಇಲ್ಲ.”

ಅವನು ಎದ್ದು ಕಟ್ಟೆಗೆ ಹೋದ. ಅತ್ತೆ ಮಾತ್ರ ಡಬ್ಬಿ ತೆರೆದು, ನನಗೆ ಕಾಣಲಿ ಎಂದೇ ಕಡಲೆಯನ್ನು ಬಟ್ಟಲಿಗೆ ಸುರಿದು ನೀರು ಹಾಕಿದಳು.

“ಮುಂಜಾನಿ ನಾನೇ ತಿನ್ನಸ್ತೀನಿ. ಯಾವಾಕಿ ಅಡ್ಡ ಬರ್ತಾಳ ನೋಡ್ತೀನಿ.”

ಆ ರಾತ್ರಿ ಕೂಸನ್ನು ನಾನು ಅವಳ ಹಾಸಿಗೆಗೆ ಬಿಡಲಿಲ್ಲ.

ಬೆಳಕು ಹರಿಯುತ್ತಿದ್ದಂತೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋದೆ. ಸೀರೆ ಹಾಸಿ ತೊಗರಿ ಗಿಡ ಅಲುಗಾಡಿಸಿದೆ. ಗಂಟು ಮನೆಗೆ ತಂದು, ಕಡಲೆಯ ಬಟ್ಟಲಿನ ನೀರು ಬಸಿದು, ಹುಳಗಳನ್ನೆಲ್ಲ ಅದರೊಳಗೆ ಸುರಿದೆ. ಅರೆಯಲು ಒರಳಿನ ಮುಂದೆ ಬಂದು ಕೂತಿದ್ದ ಅತ್ತೆಯ ಕಾಲ ಬಳಿ ಇಟ್ಟೆ.

“ಇವಕ್ಕ ತಿನ್ನಸ್ರಿ, ಅತ್ತಿ. ಇವು ಅರಗಿಸ್ಕೋತಾವ.”

ಹುಳಗಳು ಬಟ್ಟಲಿನ ಅಂಚು ಹತ್ತಿ ಅವಳ ಸೀರೆಯ ಕಡೆ ಹರಿದವು. ನಾನು ಒಲೆ ಹೊತ್ತಿಸಿ ಬೇಳೆ ಇಟ್ಟೆ. ಅದು ಕುದಿಯುವ ತನಕ ಅಲ್ಲಿಯೇ ಕೂತು, ಅವಳು ನೋಡುತ್ತಿದ್ದಂತೆಯೇ, ಕುಪ್ಪಸದ ಗಂಟು ಬಿಚ್ಚಿ ಕೂಸನ್ನು ಎದೆಗೆ ಹಾಕಿಕೊಂಡೆ.