ದೊಡ್ಡವ್ವನ ಬೈಗುಳ, ನನ್ನ ಕತ್ತರಿ

ದೊಡ್ಡವ್ವನ ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಇರಲಿಲ್ಲ. ಯಾವುದೋ ಕಾಲದಲ್ಲಿ ಹೋತವೊಂದು ತಲೆ ಎತ್ತಿ ಹಾಯ್ದಾಗ ಉದುರಿದ್ದಂತೆ. ಆ ಸಂದಿಗೆ ನಾಲಿಗೆಯ ತುದಿ ಕೊಟ್ಟು ಅವಳು ಶಿಳ್ಳೆ ಹಾಕಿದರೆ, ಹಳ್ಳದ ಆಚೆ ಮೇಯುತ್ತಿದ್ದ ಆಡು ಕೂಡ ಬಾಯಲ್ಲಿದ್ದ ಎಲೆಯನ್ನು ಹಾಗೇ ಹಿಡಿದುಕೊಂಡು ತಿರುಗಿ ನೋಡುತ್ತಿತ್ತು. ಶಿಳ್ಳೆಗೆ ಬಗ್ಗದವು ಬೈಗುಳಕ್ಕೆ ಬಗ್ಗುತ್ತಿದ್ದವು.

ಅವಳು ನನ್ನ ಅವ್ವನ ಅಕ್ಕ. ನನಗೆ ಏಳು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಬೇರೆ ಮದುವೆಯಾದ. ಮಕ್ಕಳಿಲ್ಲದ, ಗಂಡನನ್ನೂ ಕಳೆದುಕೊಂಡಿದ್ದ ದೊಡ್ಡವ್ವ ಬಂದು, ಯಾರನ್ನೂ ಕೇಳದೆ ನನ್ನ ಕೈ ಹಿಡಿದು ತನ್ನ ಊರು ಮಂಠಾಳಕ್ಕೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಬೈದಳು. ಚಪ್ಪಲಿ ಇಲ್ಲದೆ ಕಳಿಸಿದ ಅಪ್ಪನನ್ನು, ನನ್ನ ತಲೆ ಬಾಚದ ನೆರೆಯವರನ್ನು, ಕೊನೆಗೆ ಅಳುತ್ತಿದ್ದ ನನ್ನನ್ನು. ಆ ಬೈಗುಳ ಕೇಳುತ್ತಲೇ ನಾನು ಅಳು ನಿಲ್ಲಿಸಿದ್ದೆ.

ಅವಳ ಆಡುಗಳಿಗೆಲ್ಲ ಹೆಸರಿದ್ದವು. ಬೇಲಿ ಕಂಡಲ್ಲೆಲ್ಲ ಕತ್ತು ಚಾಚುವ ದೊಡ್ಡ ಹೋತ ತಹಸೀಲ್ದಾರ. ಹಿಂಡಿನ ಜೊತೆ ಸೇರದೆ ಮೂಗು ಮೇಲೆತ್ತಿ ನಡೆಯುವ ಬಿಳಿ ಆಡು ಟೀಚರಬಾಯಿ.

"ಏ ತಹಸೀಲ್ದಾರ, ನಿನ್ನ ಹೊಟ್ಟಿ ಏನ್ ಕಲ್ಯಾಣದ ಕ್ವಾಟಿ ಆಗ್ಯದೇನು, ಎಷ್ಟ್ ಹೊಕ್ರೂ ತುಂಬವಲ್ದು? ಏ ಟೀಚರಬಾಯಿ, ಗಂಟಿ ಹೊಡದು ಒಂದ್ ತಾಸಾತು, ಸಾಲಿಗಿ ಬರ್ತೀಯೋ ರಜಾ ಹಾಕೀಯೋ?"

ಹೊಲಸು ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಮತ್ತೊಂದು, ನಲವತ್ತು ವರ್ಷ ಆಡು ಕಾಯ್ದರೂ ಬೇರೆಯವರ ಬೆಳೆಯಲ್ಲಿ ಒಂದು ಎಲೆ ಮೇಯಿಸಿದವಳಲ್ಲ. "ಆಡು ಕಾಯೂದಂದ್ರ ಆಡು ಕಾಯೂದಲ್ಲ ಮಗಳ, ಮಂದಿ ಹೊಲ ಕಾಯೂದು" ಎನ್ನುತ್ತಿದ್ದಳು. ಈ ನಂಬಿಕೆಯ ಮೇಲೆಯೇ ಹಳ್ಳದ ದಂಡೆಯ ತೊಗರಿ ಹೊಲದ ಕಾಕಾ ತನ್ನ ಹೊಲದ ಒಡ್ಡಿನ ಮೇಲಿಂದ ಅವಳ ಹಿಂಡು ನೀರಿಗೆ ಹೋಗಲು ದಾರಿ ಬಿಟ್ಟಿದ್ದ. ಬೇರೆ ಯಾರ ಹಿಂಡಿಗೂ ಆ ದಾರಿ ಇರಲಿಲ್ಲ. ದೊಡ್ಡವ್ವನಿಗೆ ಅದು ದೊಡ್ಡ ಮರ್ಯಾದೆ. ಒಡ್ಡಿನ ಮೇಲೆ ಹೋಗುವಾಗ ಮಾತ್ರ ಸೆರಗು ಸರಿಮಾಡಿಕೊಂಡು ಬೈಗುಳ ನಿಲ್ಲಿಸಿ, ಸುಮ್ಮನೆ ನಡೆಯುತ್ತಿದ್ದಳು.

ಮದುವೆಯಾಗಿ ನಾನು ಹುಮನಾಬಾದಿಗೆ ಬಂದೆ. ಗಂಡ ಪಕ್ಕದ ಹುಡಗಿ ಎಂಬ ಊರಿನ ಕಡೆಗೆ ಆಟೋ ಓಡಿಸುತ್ತಾರೆ. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಫೋನಿನಲ್ಲಿ ವೀಡಿಯೋ ಹಾಕಿದರೆ ದುಡ್ಡು ಬರುತ್ತದೆಂದು ಕೇಳಿ, ಕುತ್ತಿಗೆ ಪಟ್ಟಿ ಕತ್ತರಿಸುವುದು ಹೇಗೆ ಎಂದು ಒಂದು ವರ್ಷ ತೋರಿಸಿದೆ. ಯಾರೂ ನೋಡಲಿಲ್ಲ. ಒಮ್ಮೆ ಮಂಠಾಳಕ್ಕೆ ಹೋದಾಗ ದೊಡ್ಡವ್ವ ತಹಸೀಲ್ದಾರನಿಗೆ ಬೈಯುವುದನ್ನು ಹಿಡಿದು, ನಗು ಬಂದಿದ್ದಕ್ಕೆ ಹಾಗೇ ಹಾಕಿದೆ. ಎರಡೇ ದಿನದಲ್ಲಿ ಲಕ್ಷಗಟ್ಟಲೆ ಜನ ನೋಡಿದರು.

ಆಮೇಲೆ ತಿಂಗಳು ತಿಂಗಳು ಖಾತೆಗೆ ದುಡ್ಡು ಬರತೊಡಗಿತು. ಎಷ್ಟು ಎಂಬುದು ಮುಖ್ಯವಲ್ಲ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ನನ್ನ ಗಂಡ, "ಏನ್ ಮಾಡೂಣು, ನೀನೇ ಹೇಳು" ಎಂದು ನನ್ನನ್ನು ಕೇಳಿದರು. ಅತ್ತೆ ನನ್ನ ಎದುರು ದನಿ ತಗ್ಗಿಸಿದರು. ಆ ರುಚಿ ಹತ್ತಿದ ಮೇಲೆ ಬಿಡುವುದು ಸುಲಭವಲ್ಲ ಎಂದಷ್ಟೇ ಹೇಳಬಲ್ಲೆ.

ಬಂದ ಮೊದಲ ದುಡ್ಡಿನಲ್ಲಿ ಸೀರೆ ಕೊಡಿಸಲು ದೊಡ್ಡವ್ವನನ್ನು ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದವನು ಅವಳನ್ನು ಗುರುತಿಸಿ ಕುಣಿದಾಡಿಬಿಟ್ಟ. "ಆಯಿ, ನನಗೊಂದ್ ಸಲ ಬೈರಿ ಆಯಿ!" ಎಂದು ಫೋನು ಎತ್ತಿದ. ದೊಡ್ಡವ್ವ ನಕ್ಕು, "ಮೊದಲ ಸೀರಿ ತೋರ್ಸೋ, ನಿನಗ ಬೈಯಾಕ ನೀ ಏನ್ ನನ್ನ ಆಡೇನು?" ಎಂದಳು. ಅಂಗಡಿಯವರೆಲ್ಲ ಚಪ್ಪಾಳೆ ಹೊಡೆದರು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಇನ್ನೂ ಮೂರು ಕಡೆ ಅದೇ ಆಯಿತು. ಬಸ್ಸಿನಲ್ಲಿ ಸೀರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ನಾ ಬೈದ್ರ ಅವರಿಗಿ ಯಾಕ ಖುಷಿ ಆಗ್ತದ? ಅವರಿಗಿ ಮನ್ಯಾಗ ಬೈಯಾವ್ರು ಯಾರೂ ಇಲ್ಲೇನು?" ಎಂದು ಕೇಳಿದಳು.

ನಾನು ನಕ್ಕೆ. ಆ ಮಾತನ್ನೂ ವೀಡಿಯೋ ಮಾಡಬೇಕಿತ್ತು ಅಂದುಕೊಂಡೆ. ಆಗ ನನ್ನ ಬುದ್ಧಿ ಅಲ್ಲಿಗೆ ಬಂದು ಮುಟ್ಟಿತ್ತು.

ಜನ ಮಂಠಾಳಕ್ಕೇ ಬರತೊಡಗಿದರು. ಮೊದಮೊದಲು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಆಮೇಲೆ ಬೈಸುವುದಕ್ಕೆಂದು ಅವಳ ಕೋಲು ಬಚ್ಚಿಡುವುದು, ಆಡಿನ ಬಾಲ ಎಳೆಯುವುದು ಶುರುವಾಯಿತು. ದೊಡ್ಡವ್ವ ಫೋನಿನಲ್ಲಿ ಹೇಳಿದಾಗ, "ನಾಕ್ ದಿನದ ಮಾತು, ತಡ್ಕೋ" ಎಂದೆ.

ಒಂದು ಮಧ್ಯಾಹ್ನ ಯಾರೋ ಅಪರಿಚಿತರು ನನ್ನ ಪುಟಕ್ಕೆ ಒಂದು ವೀಡಿಯೋ ಕಳಿಸಿದರು. "ಅಕ್ಕಾ, ಆಯಿದು ಮಸ್ತ್ ವೀಡಿಯೋ ಸಿಕ್ಕದ, ಹಾಕ್ರಿ" ಎಂದು ಬರೆದಿದ್ದರು. ತೆರೆದೆ. ಮೊದಲಿಗೆ ಇಬ್ಬರು ಯುವಕರು ತೊಗರಿ ಹೊಲದ ಮುಳ್ಳುಬೇಲಿಯನ್ನು ಕಿತ್ತು ಸರಿಸುತ್ತಾರೆ. ನೀರು ಕುಡಿದು ಬರುತ್ತಿದ್ದ ಹಿಂಡಿಗೆ ಅಡ್ಡ ನಿಂತು, ಟವೆಲ್ ಬೀಸಿ, ನಗುತ್ತಾ ಆಡುಗಳನ್ನು ಹೊಲದೊಳಗೆ ನುಗ್ಗಿಸುತ್ತಾರೆ. ಹಿಂದೆ ಬೀಳುತ್ತಾ ಏಳುತ್ತಾ ದೊಡ್ಡವ್ವ ಬರುತ್ತಾಳೆ. ಅಷ್ಟರಲ್ಲಿ ಯುವಕರು ಚಿತ್ರದಿಂದ ಸರಿದಿರುತ್ತಾರೆ. ಹೂ ಬಿಟ್ಟ ತೊಗರಿಯ ನಡುವೆ ನಿಂತು ಅವಳು ಕೂಗುತ್ತಾಳೆ: "ಏ ತಹಸೀಲ್ದಾರ, ಹೊರಗ ಬಾರೋ! ತೊಗರಿ ತಿನ್ನಾಕತ್ತಿಲ್ಲ ನೀ, ನನ್ನ ಇಜ್ಜತ್ ತಿನ್ನಾಕತ್ತೀದಿ!"

ನಾನು ಏನು ಮಾಡಿದೆ ಎಂಬುದನ್ನು ನೇರವಾಗಿಯೇ ಬರೆಯುತ್ತೇನೆ. ಉದ್ದವಾದರೆ ಜನ ನೋಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಯುವಕರಿದ್ದ ಭಾಗವನ್ನು ಕತ್ತರಿಸಿ ತೆಗೆದೆ. ದೊಡ್ಡವ್ವ ಕೂಗುವುದಷ್ಟನ್ನು ಇಟ್ಟು, ನಗುವ ಮುಖಗಳನ್ನು ಅಂಟಿಸಿ ಹಾಕಿದೆ. ಅವಳ ದನಿಯಲ್ಲಿ ಅಳು ಇತ್ತು. ಅದು ನನಗೆ ಕೇಳಿಸಿತ್ತು. ನನ್ನ ಪುಟದಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ.

ಮೂರನೆಯ ದಿನ ದೊಡ್ಡವ್ವ ಹುಮನಾಬಾದಿನ ನಮ್ಮ ಮನೆಗೆ ಬಂದಳು. ಹೇಳದೆ ಕೇಳದೆ ಒಬ್ಬಳೇ ಬಸ್ಸು ಹತ್ತಿ ಬಂದಿದ್ದು ಅದೇ ಮೊದಲು. ನೀರು ಕೊಟ್ಟೆ, ಕುಡಿಯಲಿಲ್ಲ.

"ಹೊಲದ ಕಾಕಾ ನಾಕ್ ಮಂದ್ಯಾಗ ನನಗ ಕಳ್ಳಿ ಅಂದಾನ. ಒಡ್ಡಿನ ಮ್ಯಾಲ ಕಾಲಿಡಬ್ಯಾಡ ಅಂದಾನ. ಹುಡುಗೂರು ಆಡು ಒಳಗ ಹೊಗಿಸ್ಯಾರ ಅಂದ್ರ ಯಾರೂ ನಂಬವಲ್ರು. ಫೋನಿನಾಗ ಬಂದದಲ್ಲ, ಅದರಾಗ ಹುಡುಗೂರು ಎಲ್ಲಿ ಅದಾರ ಅಂತ ಕೇಳ್ತಾರ." ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: "ಪೂರಾ ವೀಡಿಯೋ ನಿನ್ನ ಹತ್ರ ಇರ್ತದ ಅಂತ. ಅದರಾಗ ಅವರು ಕಾಣ್ತಾರೇನು ಮಗಳ?"

"ಇಲ್ಲ ದೊಡ್ಡವ್ವ" ಎಂದೆ.

ಹೌದು ಎಂದಿದ್ದರೆ ಮುಂದಿನ ಪ್ರಶ್ನೆ, ಹಾಗಾದರೆ ಯಾಕೆ ತೋರಿಸಲಿಲ್ಲ ಎಂಬುದು.

"ಹಂಗಾದ್ರ ಬಂದ್ ಮಾಡು ಇದನ್ನ. ಸಾಕು."

"ಹಂಗ ಒಮ್ಮೆಲೇ ಬಂದ್ ಮಾಡಾಕ ಬರಲ್ಲ ದೊಡ್ಡವ್ವ. ಹಾಕೂದು ಬಿಟ್ರ ಅವರು ನಮ್ಮ ವೀಡಿಯೋ ಯಾರಿಗೂ ತೋರ್ಸೂದಿಲ್ಲ. ಇಷ್ಟ್ ದಿನದ ಕಮಾಯಿ ಹೋಗ್ತದ."

"ಯಾರವ್ರು? ಫೋನ್ ಹಚ್ಚು, ನಾ ಮಾತಾಡ್ತೀನಿ."

"ಅಲ್ಲಿ ಫೋನ್ ಎತ್ತೋರು ಯಾರೂ ಇಲ್ಲ."

"ರೊಕ್ಕ ಕೊಡಾವ್ರು ಅದಾರ, ಮಾತಾಡಾವ್ರು ಇಲ್ಲ?" ದೊಡ್ಡವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಇದ್ಯಾತರ ಚಾಕ್ರಿ ಹಿಡದಿ ನೀ?"

ಊಟಕ್ಕೆ ನಿಲ್ಲೆಂದರೆ ನಿಲ್ಲದೆ, ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದಳು. ನನ್ನ ಫೋನಿನಲ್ಲಿ ಹಿಂದೆ ತೆಗೆದಿಟ್ಟ ಅವಳ ಬೈಗುಳಗಳು ಇನ್ನೂ ಬಹಳವಿದ್ದವು. ಅವುಗಳನ್ನು ಒಂದೊಂದಾಗಿ ಹಾಕುತ್ತಾ ಹೋದೆ.

ಊರಿನವರು ಹೇಳಿದರು, ದೊಡ್ಡವ್ವ ಈಗ ಆಡುಗಳಿಗೆ ಬೈಯುವುದಿಲ್ಲ ಎಂದು. ಯಾರಾದರೂ ಫೋನು ಹಿಡಿದು ಎಲ್ಲಿ ಅಡಗಿದ್ದಾರೋ ಎಂಬ ಹೆದರಿಕೆ. ಒಡ್ಡಿನ ದಾರಿ ಮುಚ್ಚಿದ್ದರಿಂದ ನೀರಿಗೆ ಡಾಂಬರು ರಸ್ತೆ ಸುತ್ತಿ ಹೋಗಬೇಕಿತ್ತು. ಲಾರಿ ಬಂದಾಗಲೂ ಬಾಯಿ ಬಿಡದೆ, ಬರೀ ಕೋಲಿನಿಂದ ಹಿಂಡನ್ನು ಬದಿಗೆ ಸರಿಸುತ್ತಿದ್ದಳಂತೆ. ಬೈಗುಳ ಕೇಳಿ ನಡೆದು ರೂಢಿಯಿದ್ದ ಆಡುಗಳು ದಿಕ್ಕಾಪಾಲಾಗಿ ನಿಲ್ಲುತ್ತಿದ್ದವು. ಟೀಚರಬಾಯಿ ಲಾರಿಗೆ ಸಿಕ್ಕಿ ಸತ್ತಿತು. ಆ ವಾರವೇ ಉಳಿದವನ್ನೆಲ್ಲ ಹುಮನಾಬಾದಿನ ಸಂತೆಗೆ ತಂದು ಮಾರಿಬಿಟ್ಟಳು. ಸಂತೆಯಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಅವಳು ಬರಲಿಲ್ಲ.

ಫೋನು ಮಾಡಿದರೆ ಎತ್ತುತ್ತಿದ್ದಳು. "ಆರಾಮ ಅದೀನಿ. ಊಟಾತು. ನೀವೆಲ್ಲ ಆರಾಮ ಅದೀರಿ?" ಇಷ್ಟೇ. ತಡವಾಗಿ ಫೋನು ಮಾಡಿದ್ದಕ್ಕೂ, ಹಬ್ಬಕ್ಕೆ ಬಾರದ್ದಕ್ಕೂ ಮೊದಲಿನಂತೆ ಬೈಯಲಿಲ್ಲ. ನನ್ನನ್ನು ಏಳನೆಯ ವಯಸ್ಸಿನಿಂದ ಬೈದು ಬೆಳೆಸಿದವಳು ಈಗ ನನಗೆ 'ನೀವೆಲ್ಲ' ಎನ್ನುತ್ತಿದ್ದಳು.

ಬೇಸಿಗೆಯ ಒಂದು ಬೆಳಿಗ್ಗೆ ಅಂಗಳ ಗುಡಿಸುವಾಗ ಕುಸಿದಳಂತೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೆ ಬಂದವರಲ್ಲಿ ಗುರುತಿಲ್ಲದವರೂ ಇದ್ದರು. ಕೈಯಲ್ಲಿ ಫೋನು. ಬೇಡ ಎನ್ನಬೇಕೆಂದುಕೊಂಡವಳು ಹಿಂದೆ ಸರಿದು ನಿಂತೆ. ಅವರಿಗೆ ದಾರಿ ತೋರಿಸಿದವಳು ನಾನೇ ಆಗಿದ್ದೆ.

ತಿಂಗಳಾದ ಮೇಲೆ ಗಂಡ ಮೆಲ್ಲಗೆ ಮಾತು ತೆಗೆದರು. "ಹಳೇವು ಖಾಲಿ ಆಗ್ಯಾವ. ಮಂದಿ ಆಯಿ ಆಯಿ ಅಂತ ಕೇಳಾಕತ್ತಾರ. ನಿನಗೂ ಆಕಿ ದನಿನೇ ಬಂದದ. ಆಕಿ ಸೀರಿ ಉಟ್ಟು ನೀನೇ ಬೈದ್ರ ಹ್ಯಾಂಗ?"

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ, ಬಸವಕಲ್ಯಾಣದಲ್ಲಿ ಕೊಡಿಸಿದ್ದ, ಮಣ್ಣು ಮುಗಿಸಿ ಅವಳ ಮನೆಯಿಂದ ತಂದಿಟ್ಟುಕೊಂಡಿದ್ದ ಆ ಸೀರೆಯನ್ನು ಉಟ್ಟು ಫೋನಿನ ಮುಂದೆ ನಿಂತು ಬೈದೆ. ಆಮೇಲೆ ಅದನ್ನು ಹಚ್ಚಿ ಕೇಳಿದೆ. ದನಿ ತದ್ವತ್ ಅವಳದೇ. ಇದನ್ನು ಹಾಕಿದರೆ ಇನ್ನೂ ಹತ್ತು ವರ್ಷ ನಡೆಯುತ್ತದೆ ಎಂದು ಗೊತ್ತಿತ್ತು. ಹಾಕಲು ನನಗೆ ಮನಸ್ಸೂ ಇತ್ತು. ಆ ಮನಸ್ಸನ್ನು ಕಂಡೇ ಹೆದರಿದೆ. ಅಳಿಸಿ, ಸೀರೆ ಬಿಚ್ಚಿಟ್ಟು, ಮಂಠಾಳದ ಬಸ್ಸು ಹತ್ತಿದೆ.

ಹೊಲದ ಕಾಕಾ ಬೇವಿನ ಗಿಡದ ಕೆಳಗೆ ಕುಳಿತಿದ್ದ. ಯುವಕರಿದ್ದ ಆ ಕತ್ತರಿಸದ ವೀಡಿಯೋ ತೆರೆದು ಫೋನು ಅವನ ಕೈಗೆ ಕೊಟ್ಟೆ. ಇಡೀ ವೀಡಿಯೋವನ್ನು ಎರಡು ಸಲ ನೋಡಿದ.

"ಇದು ನಿನ್ನ ಹತ್ರ ಯಾವಾಗಿಂದ ಅದ?"

"ಅವತ್ತಿಂದೇ ಅದ್ರಿ ಕಾಕಾ."

ಅವನು ತನ್ನ ಎದುರಿನ ನೆಲಕ್ಕೆ ಕೈ ತೋರಿಸಿದ.

"ಆಕಿ ಇಲ್ಲೇ ನಿಂತು ಕೈ ಮುಗದ್ಲು. ನನ್ನ ಮಗಳ ಹತ್ರ ಕೇಳ್ಕೊಂಡ್ ಬರ್ತೀನಿ, ಖರೆ ಏನಂತ ತೋರಿಸ್ತೀನಿ ಅಂದ್ಲು. ಹೋಗಿ ಬಂದು, ಅದರಾಗ ಏನೂ ಇಲ್ಲಂತ್ರಿ ಅಂದ್ಲು. ಅಂದಾಕಿ ಮತ್ತ ಈ ಕಡಿ ಹಾಯಲಿಲ್ಲ." ಫೋನನ್ನು ನನ್ನ ಕೈಗಿಟ್ಟ. "ನಾ ಕಳ್ಳಿ ಅಂದಿದ್ದು ನಾಕ್ ಮಂದ್ಯಾಗ. ನೀ ತೋರ್ಸಾಕತ್ತಿದ್ದು ನನಗೊಬ್ಬಾಂವಗ. ದೇಶದ ಮಂದೆಲ್ಲ ಆಕಿ ಕೂಗೂದು ನೋಡ್ಯಾರ. ಇದೂ ನೋಡ್ಲಿ."

ಅವನು ನನ್ನನ್ನು ಬೈಯಲಿಲ್ಲ. ಕೂತುಕೋ ಎಂದೂ ಅನ್ನಲಿಲ್ಲ.

ಅಲ್ಲೇ ಬಸ್ಸು ಕಾಯುತ್ತಾ, ಒಂದಿಷ್ಟೂ ಕತ್ತರಿಸದೆ ಪೂರ್ತಿ ವೀಡಿಯೋ ಹಾಕಿದೆ. ನಾನು ಮಾಡಿದ್ದನ್ನೂ, ಆಡಿದ ಸುಳ್ಳನ್ನೂ ಕೆಳಗೆ ಬರೆದೆ. ಇನ್ನು ಮುಂದೆ ಏನೂ ಹಾಕುವುದಿಲ್ಲ ಎಂದೂ ಬರೆದೆ.

ಒಂದು ವಾರ ಬಿಟ್ಟು ನೋಡಿದೆ. ಲಕ್ಷ ಜನರಿದ್ದ ಪುಟದಲ್ಲಿ ಅದನ್ನು ನೋಡಿದವರು ಒಂದು ಬಸ್ಸು ತುಂಬುವಷ್ಟೂ ಇರಲಿಲ್ಲ. ಒಬ್ಬನು ಕೆಳಗೆ ಬರೆದಿದ್ದ: "ಅಕ್ಕಾ, ಮೊದಲಿಂದು ಬೋರ್ ಹೊಡೀತದ, ಕಟ್ ಮಾಡ್ರಿ. ಆಯಿ ಬೈಯೂದಷ್ಟೇ ಹಾಕ್ರಿ."

ಅವನ ಮೇಲೆ ಸಿಟ್ಟಾಗುವ ಅಧಿಕಾರ ನನಗಿರಲಿಲ್ಲ. ಪುಟವನ್ನು ಅವತ್ತೇ ಅಳಿಸಿದೆ. ಬೇರೆ ಯಾರ್ಯಾರದೋ ಪುಟಗಳಲ್ಲಿ ದೊಡ್ಡವ್ವ ಇವತ್ತಿಗೂ ಆ ತೊಗರಿಯ ನಡುವೆ ನಿಂತು ಕೂಗುತ್ತಿದ್ದಾಳೆ. ಜನ ನಗುತ್ತಿದ್ದಾರೆ.