ಗಸಗಸೆ ಉಂಡಿಯ ಡಬ್ಬಿ

ತಿಕೋಟಾದಿಂದ ವಿಜಯಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ತರುಣ ಮರುದಿನ ಹೊಸ ನೌಕರಿಗೆಂದು ದುಬೈಗೆ ಹೋಗುವವನಿದ್ದ. ನಾನು ಅಲ್ಲಿ ಕೆಲವು ವರ್ಷ ಇದ್ದವನೆಂದು ತಿಳಿದದ್ದೇ ತಡ, ಅವನನ್ನು ಕಳಿಸಲು ಜೊತೆಗೆ ಬಂದಿದ್ದ ತಾಯಿ, ಅವನಿಗೆಂದು ಕಟ್ಟಿದ್ದ ಡಬ್ಬಿ ತೆರೆದು ಒಂದು ಅಂಟಿನ ಉಂಡಿ ಕೊಟ್ಟರು. ಕಚ್ಚಿದೆ. ತುಂಬ ಗಸಗಸೆ!

“ಇದನ್ನ ಒಯ್ಯಬ್ಯಾಡ್ರಿ. ಗಸಗಸಿ ಅಫೀಮಿನ ಬೀಜ ಅಂತಾರ ಅಲ್ಲಿ. ಸಿಕ್ಕರ ಜೇಲು,” ಎಂದೆ.

“ಯಪ್ಪಾ, ಬಾಣಂತಿಗೆ ಕೊಡೂ ಉಂಡಿಗೆ ಜೇಲಾ?”

“ನೌಕರೀನೂ ಹೋಗ್ತೈತ್ರಿ.”

ಮಗ ಗಾಬರಿಯಾದ. “ಯವ್ವಾ, ಚೆಲ್ಲಿಬಿಡು.”

“ತುಪ್ಪದ್ದೈತಿ, ಚೆಲ್ತಾರೇನಲೇ?” ಎನ್ನುತ್ತ ಆಕೆ ಎದ್ದು ಬಸ್ಸಿಗೆಲ್ಲ ಹಂಚತೊಡಗಿದರು. ಕಂಡಕ್ಟರ್ ಎರಡು ತಿಂದ. ಡ್ರೈವರ್ ಮುಂದಿನಿಂದ ಕೂಗಿದ, “ಯವ್ವಾ, ನನಗ?”

“ಗಸಗಸಿ ತಿಂದ್ರ ನಿದ್ದಿ ಬರ್ತೈತೋ ಯಪ್ಪಾ. ಸ್ಟ್ಯಾಂಡ್ ಬರ್ಲಿ, ನಿಂದು ತಗದ ಇಟ್ಟೇನಿ!”

ಬಸ್ಸೆಲ್ಲ ನಕ್ಕಿತು. ಡಬ್ಬಿ ಬರಿದಾಯಿತು. ಆದರೆ ನಮ್ಮ ಕಡೆ ಇನ್ನೊಬ್ಬರ ಡಬ್ಬಿಯನ್ನು ಖಾಲಿ ಮರಳಿಸುವ ರೂಢಿಯಿಲ್ಲ. ಹಿಂದಿನ ಸೀಟಿನ ಮುದುಕರು ತಮ್ಮ ಚೀಲದಿಂದ ಒಣದ್ರಾಕ್ಷಿ ಸುರಿದರು. ಒಬ್ಬಾಕೆ ಶೇಂಗಾ ಹೋಳಿಗೆ ಇಟ್ಟಳು. ಇನ್ನೊಬ್ಬಾಕೆ ಕಡಕ್ ರೊಟ್ಟಿ ಮುರಿದು ತುರುಕಿದಳು. ಪ್ರತಿಯೊಬ್ಬರೂ ಹಾಕುವ ಮೊದಲು ನನ್ನತ್ತ ತಿರುಗಿ, “ಇದಕ್ಕ ಜೇಲ್ ಇಲ್ಲಲ್ರಿ?” ಎಂದು ಕೇಳುತ್ತಿದ್ದರು. ನಾನು ಕಸ್ಟಮ್ಸ್ ಸಾಹೇಬನಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ವಿಜಯಪುರ ಬರುವಷ್ಟರಲ್ಲಿ ಮುಚ್ಚಳ ಹಾಕಲು ಬಾರದಷ್ಟು ಡಬ್ಬಿ ತುಂಬಿತ್ತು.

ಅದರಲ್ಲಿ ಹಾಕಲು ನನ್ನ ಹತ್ತಿರ ಮಾತ್ರ ಏನೂ ಇರಲಿಲ್ಲ. ಇದ್ದದ್ದು ಒಂದು ಉಪದೇಶ. ಅದನ್ನು ಮೊದಲೇ ಕೊಟ್ಟು, ನಾಲ್ಕು ಉಂಡಿ ತಿಂದು ಮುಗಿಸಿದ್ದೆ.